ಕ್ಯಾಂಪ್ ಚಾಕು ಒಂದೇ ಮಳೆಗೆ ತುಕ್ಕು ಹಿಡಿಯಿತು, ಬೇರೆ ತಗೋಬೇಕಾ?

ಪ್ರಶ್ನೆ: ಕ್ಯಾಂಪಿಂಗ್‌ಗೆ ಅಂತ ಕಡಿಮೆ ಬೆಲೆಯ, ಮಡಚದ ಚಾಕು ತಗೊಂಡೆ. ಕಾರ್ಬನ್ ಸ್ಟೀಲಿನದು. ಆಗುಂಬೆ ಕಡೆ ಮಳೆಯಲ್ಲಿ ಒಂದು ರಾತ್ರಿ ಉಳಿದು ಬಂದ ಮೇಲೆ ಒರೆಯಿಂದ ತೆಗೆದು ನೋಡಿದರೆ ಅಲಗಿನ ತುಂಬ ಕೆಂಪು ಚುಕ್ಕೆ. ಬೆಲೆ ಕಡಿಮೆ ಅಂತ ಹೀಗಾಯ್ತಾ? ಇದನ್ನು ಬಿಟ್ಟು ಸ್ಟೇನ್‌ಲೆಸ್ ತಗೊಳ್ಳಲಾ?

ಉತ್ತರ: ಬೇಡ, ಚಾಕು ಚೆನ್ನಾಗಿಯೇ ಇದೆ. ತುಕ್ಕಿಗೂ ಬೆಲೆಗೂ ಸಂಬಂಧವಿಲ್ಲ. ಎಷ್ಟೇ ದುಬಾರಿ ಕಾರ್ಬನ್ ಸ್ಟೀಲ್ ಆದರೂ ಒದ್ದೆ ಒರೆಯಲ್ಲಿ ಒಂದು ರಾತ್ರಿ ಇಟ್ಟರೆ ಇದೇ ಗತಿ.

ಅಗ್ಗದ ಕ್ಯಾಂಪ್ ಚಾಕು ಎಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಸ್ವೀಡನ್ನಿನ ಮೋರಾ ಚಾಕು. ಮೋರಾ ಅನ್ನುವುದು ಅಲ್ಲಿನ ಡಾಲರ್ನಾ ಸೀಮೆಯ ಒಂದು ಊರು. ಅದರ ಪಕ್ಕದ ಓಸ್ಟ್‌ನೋರ್ ಹಳ್ಳಿಯಲ್ಲಿ 1891ರಲ್ಲಿ ಶುರುವಾದ ಒಂದು ಕಾರ್ಖಾನೆ ಮರದ ದಿಮ್ಮಿ ಸಾಗಿಸುವ ಜಾರುಬಂಡಿ ಮಾಡುತ್ತಿತ್ತು. ಚಾಕುಗಳೂ ಅಲ್ಲೇ ತಯಾರಾಗತೊಡಗಿದವು. ಅಂದರೆ ಇದು ಕೆಲಸದವರ ಚಾಕು, ಶೋಕಿಯ ವಸ್ತು ಅಲ್ಲ. ಇವತ್ತಿಗೂ ಅದರ ಕಂಪ್ಯಾನಿಯನ್ ಅನ್ನುವ ಮಾಡೆಲ್ ಎರಡು ಉಕ್ಕಿನಲ್ಲಿ ಸಿಗುತ್ತದೆ. ಒಂದು ಕಾರ್ಬನ್ ಸ್ಟೀಲ್. ಇನ್ನೊಂದು 12ಸಿ27 ಅನ್ನುವ ಸ್ಟೇನ್‌ಲೆಸ್, ಅದರಲ್ಲಿ ಸುಮಾರು ಶೇ. 13.5 ಕ್ರೋಮಿಯಂ ಇರುತ್ತದೆ. ನಿಮ್ಮದು ಯಾವ ಕಂಪನಿಯದಾದರೂ ಮುಂದಿನ ಮಾತು ಅನ್ವಯಿಸುತ್ತದೆ.

ವ್ಯತ್ಯಾಸ ಆ ಕ್ರೋಮಿಯಂನಲ್ಲೇ ಇದೆ. ಅದು ಗಾಳಿಗೆ ತಾಗಿದಾಗ ಅಲಗಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ಗೀರು ಬಿದ್ದರೆ ಆ ಪದರ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಕಾರ್ಬನ್ ಸ್ಟೀಲಿಗೆ ಈ ಅನುಕೂಲ ಇಲ್ಲ. ನೀರು, ಗಾಳಿ ಎರಡೂ ಸಿಕ್ಕರೆ ಸಾಕು, ತುಕ್ಕು ಶುರು. ಉಪ್ಪು ಸೇರಿದರೆ ಇನ್ನೂ ಬೇಗ. ಹಾಗಂತ ಸ್ಟೇನ್‌ಲೆಸ್ ಅಂದರೆ ಕಲೆಯೇ ಬೀಳುವುದಿಲ್ಲ ಅಂತಲೂ ಅಲ್ಲ. ಗೋಕರ್ಣದ ಕಡಲ ದಡದಲ್ಲಿ ಮೀನು ಕೊಯ್ದು, ಹಾಗೇ ಒರೆಗೆ ತುರುಕಿ ವಾರಗಟ್ಟಲೆ ಬಿಟ್ಟರೆ ಅದಕ್ಕೂ ಚುಕ್ಕೆ ಬರುತ್ತದೆ.

ನಿಜವಾದ ತಪ್ಪಿತಸ್ಥ ಒರೆ. ಇದನ್ನು ಜನ ಗಮನಿಸುವುದೇ ಇಲ್ಲ. ಮಳೆಯಲ್ಲಿ ಬಳಸಿದ ಚಾಕುವನ್ನು ಪ್ಯಾಂಟಿಗೆ ಒರೆಸಿ ಒಳಗೆ ಹಾಕುತ್ತೇವೆ. ಒರೆಯ ತಳದಲ್ಲಿ ಅರ್ಧ ಚಮಚ ನೀರು ನಿಂತಿರುತ್ತದೆ, ಗಾಳಿ ಆಡುವುದಿಲ್ಲ, ನೀರು ಆರುವುದಿಲ್ಲ. ಪ್ಲಾಸ್ಟಿಕ್ ಒರೆಯನ್ನು ಬೋರಲು ಮಾಡಿ ನೋಡಿ, ತಳದಲ್ಲಿ ಸಣ್ಣ ತೂತು ಇದ್ದರೆ ಅದು ನೀರು ಇಳಿಯಲಿ ಅಂತಲೇ ಇರುವುದು. ಮಣ್ಣು, ಎಲೆಚೂರು ಸೇರಿ ಅದು ಕಟ್ಟಿಕೊಂಡಿರುತ್ತದೆ. ಕಡ್ಡಿಯಲ್ಲಿ ಬಿಡಿಸಿ, ಒರೆಯನ್ನು ತೊಳೆದು, ತಲೆಕೆಳಗಾಗಿ ಒಣಗಿಸಿ. ಚರ್ಮದ ಒರೆಯಾದರೆ ಇನ್ನೂ ಹುಷಾರು. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡಿದಾಗಿನ ಉಪ್ಪು ಅದರಲ್ಲಿ ಉಳಿದಿರಬಹುದು. ಮನೆಯಲ್ಲಿ ಇಡುವಾಗ ಚಾಕು ಬೇರೆ, ಒರೆ ಬೇರೆ ಇಡುವುದೇ ಒಳ್ಳೆಯದು.

ಈಗ ನಿಮ್ಮ ಚುಕ್ಕೆಗಳ ವಿಷಯ. ಅಡುಗೆ ಸೋಡಾಕ್ಕೆ ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ, ಬಟ್ಟೆಯಲ್ಲಿ ತಿಕ್ಕಿ. ಹೋಗದಿದ್ದರೆ ನೀರು ತಾಗಿಸಬಹುದಾದ 1000 ನಂಬರಿನ ಉಜ್ಜುಕಾಗದಕ್ಕೆ ಒಂದು ಹನಿ ಎಣ್ಣೆ ಹಾಕಿ, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಮೆಲ್ಲಗೆ ಎಳೆಯಿರಿ. ಬಾಯಿಯ ಅಂಚಿನ ಮೇಲೆ ಬೆರಳು ಅಡ್ಡ ಬರಬಾರದು. ಸಣ್ಣ ಗುಳಿ ಉಳಿದರೆ ಚಿಂತೆ ಬೇಡ. ಬಾಯಿಯಲ್ಲಿ ಇದ್ದದ್ದು ಮಸೆಯುವಾಗ ಹೋಗುತ್ತದೆ, ಬೇರೆ ಕಡೆ ಇದ್ದದ್ದು ಕೆಲಸ ಕೆಡಿಸುವುದಿಲ್ಲ.

ಆದರೆ ಕಪ್ಪು ಕಲೆ ಕಂಡರೆ ತಿಕ್ಕಬೇಡಿ! ಅದು ಶತ್ರು ಅಲ್ಲ. ನಮ್ಮ ಮನೆಗಳ ಹಳೆಯ ಈಳಿಗೆಮಣೆ, ಮಲೆನಾಡಿನ ಮೆಟ್ಟುಕತ್ತಿ ನೋಡಿ. ಬಾಳೆಕಾಯಿ ಹೆಚ್ಚಿ ಹೆಚ್ಚಿ ಅಲಗು ಮಸಿಬಣ್ಣಕ್ಕೆ ತಿರುಗಿರುತ್ತದೆ, ದಿನಾ ನೀರು ತಾಗಿದರೂ ಕೆಂಪು ತುಕ್ಕು ಅಷ್ಟಾಗಿ ಹತ್ತುವುದಿಲ್ಲ. ಕಾಯಿಯ ಒಗರು, ಹುಳಿ ಎಲ್ಲ ಉಕ್ಕಿನ ಮೇಲೆ ಕಪ್ಪು ಪದರ ಕಟ್ಟುತ್ತವೆ. ಕೆಂಪು ತುಕ್ಕು ಹುಡಿಯಾಗಿ ಉದುರುತ್ತದೆ, ನೀರನ್ನೂ ಹೀರಿಕೊಂಡು ಒಳಗೆ ಇಳಿಯುತ್ತದೆ. ಈ ಕಪ್ಪು ಪದರ ಗಟ್ಟಿಯಾಗಿ ಅಂಟಿ ಕೂರುತ್ತದೆ. ಅದನ್ನೇ ನೀವು ಬೇಕಂತ ಬರಿಸಬಹುದು. ಸೋಪಿನಲ್ಲಿ ತೊಳೆದು ಜಿಡ್ಡು ತೆಗೆದ ಅಲಗನ್ನು ಬಿಸಿ ಮಾಡಿದ ವಿನೆಗರ್‌ನಲ್ಲಿ ಅರ್ಧ ಗಂಟೆ ಇಳಿಬಿಡಿ. ಹಿಡಿ ಮುಳುಗದಿರಲಿ. ತೆಗೆದು ತೊಳೆದು, ಒರೆಸಿ, ಬಣ್ಣ ಸಾಲದಿದ್ದರೆ ಇನ್ನೊಮ್ಮೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಸುಮ್ನೆ ಅಡುಗೆಮನೆಯಲ್ಲಿ ಕೆಲವು ದಿನ ಮಾವಿನಕಾಯಿ, ಈರುಳ್ಳಿ, ಬಾಳೆಕಾಯಿ ಹೆಚ್ಚಿ. ಇದರಿಂದ ತುಕ್ಕು ಪೂರ್ತಿ ನಿಲ್ಲುವುದಿಲ್ಲ, ಆದರೆ ನಿಮಗೆ ಒರೆಸಿಕೊಳ್ಳಲು ಸಮಯ ಸಿಗುತ್ತದೆ.

ಬಳಸಿ ಒರೆಸಿದ ಮೇಲೆ ಒಂದು ಹನಿ ಎಣ್ಣೆ ಸವರಿ. ಊಟದ ಪದಾರ್ಥ ಕೊಯ್ಯುವ ಚಾಕುವಾದ್ದರಿಂದ ಮೆಷಿನ್ ಎಣ್ಣೆ ಬೇಡ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು, ಕೊಬ್ಬರಿ ಎಣ್ಣೆಯೂ ನಡೆಯುತ್ತದೆ. ಸೂರ್ಯಕಾಂತಿ ಎಣ್ಣೆ ಹಚ್ಚಿಟ್ಟರೆ ದಿನ ಕಳೆದಂತೆ ಅಂಟಾಗುತ್ತದೆ.

ಹರಿತದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಇಂಥ ಚಾಕುಗಳು ಹಾಳಾಗುವುದು ತುಕ್ಕಿಗಿಂತ ಜಾಸ್ತಿ ತಪ್ಪು ಮಸೆತದಿಂದ. ಮೋರಾದಂಥ ಚಾಕುವಿನ ಅಲಗನ್ನು ಬೆಳಕಿಗೆ ಹಿಡಿದು ನೋಡಿ. ಎರಡೂ ಬದಿಯಲ್ಲಿ ಅಗಲವಾದ, ಚಪ್ಪಟೆಯಾದ ಇಳಿಜಾರು ಇದೆ, ಅದು ನೇರ ಬಾಯಿಯವರೆಗೆ ಹೋಗುತ್ತದೆ. ಕೋನ ಎಷ್ಟು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆ ಇಳಿಜಾರನ್ನು ಮಸೆಗಲ್ಲಿನ ಮೇಲೆ ಇಟ್ಟು ಬೆರಳಿನಿಂದ ಒತ್ತಿದರೆ ಅದು ಕಲ್ಲಿಗೆ ಪೂರ್ತಿ ಕೂರುವುದು ಕೈಗೆ ಗೊತ್ತಾಗುತ್ತದೆ. ಅದೇ ನಿಮ್ಮ ಕೋನ.

ಅನುಮಾನ ಇದ್ದರೆ ಇಳಿಜಾರಿಗೆ ಮಾರ್ಕರ್ ಪೆನ್ನಿನಲ್ಲಿ ಬಣ್ಣ ಹಚ್ಚಿ, ನಾಲ್ಕೈದು ಸಲ ಮಸೆದು ನೋಡಿ. ಬೆನ್ನಿನ ಕಡೆ ಮಾತ್ರ ಬಣ್ಣ ಹೋಗಿದ್ದರೆ ಚಾಕು ಜಾಸ್ತಿ ಮಲಗಿದೆ. ಬಾಯಿಯ ಅಂಚಿನಲ್ಲಿ ಮಾತ್ರ ಹೋಗಿದ್ದರೆ ಜಾಸ್ತಿ ಎತ್ತಿದ್ದೀರಿ. ಒಂದೇ ಬದಿ ಮಸೆಯುತ್ತಾ ಹೋದರೆ ಇನ್ನೊಂದು ಬದಿಯ ಅಂಚಿನಲ್ಲಿ ಕೂದಲೆಳೆಯಂಥ ಲೋಹದ ಎಳೆ ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಆಚೆಗೆ ಸವರಿದರೆ ಅದು ತಡೆಯುತ್ತದೆ. ತುದಿಯಿಂದ ಬುಡದವರೆಗೆ ಅದು ಸಿಗುವ ತನಕ ಬದಿ ಬದಲಿಸಬೇಡಿ. ಆಮೇಲೆ ಇನ್ನೊಂದು ಬದಿ, ಕೊನೆಗೆ ಒಂದೊಂದೇ ಎಳೆತ ಆ ಬದಿ ಈ ಬದಿ, ಒತ್ತಡ ಕಡಿಮೆ ಮಾಡುತ್ತಾ. ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ, ಬೆನ್ನು ಮುಂದಾಗಿ ಎಳೆದರೆ ಉಳಿದ ಎಳೆಯೂ ಹೋಗಿ ಕಾಗದ ಸದ್ದಿಲ್ಲದೆ ಸೀಳುತ್ತದೆ. ಹಾರ್ಡ್‌ವೇರ್ ಅಂಗಡಿಯ, ಒಂದು ಮೈ ಒರಟು ಇನ್ನೊಂದು ಮೈ ನುಣುಪು ಇರುವ ಕಲ್ಲೇ ಇಷ್ಟಕ್ಕೆಲ್ಲ ಸಾಕು.

ಸೀಳಿನ ನಡುವೆ ಅಲಗು ಎಳೆದು ಹರಿತ ಮಾಡುವ ಸಣ್ಣ ಡಬ್ಬಿಗಳಿಗೆ ಈ ಚಾಕು ಕೊಡಬೇಡಿ. ಅವು ಬಾಯಿಯ ತುದಿಯಲ್ಲಿ ಬೇರೊಂದು ದಪ್ಪ ಅಂಚು ಕೆತ್ತುತ್ತವೆ, ಇಳಿಜಾರಿನ ಗುಣವೇ ಹೋಗುತ್ತದೆ. ತಿರುಗುವ ಸಾಣೆಚಕ್ರವೂ ಇದಕ್ಕೆ ಬೇಡ. ಸಾಣೆ ಹಿಡಿಯುವವರ ಕೈಚಳಕ ಕುಡುಗೋಲು, ಈಳಿಗೆಮಣೆಗೆ ಹೇಳಿ ಮಾಡಿಸಿದ್ದು. ಆದರೆ ತೆಳು ಅಲಗು ಚಕ್ರಕ್ಕೆ ಬೇಗ ಕಾಯುತ್ತದೆ. ಅಂಚು ನೀಲಿಗಟ್ಟಿದರೆ ಅಲ್ಲಿನ ಹದ ಹೋಯಿತು ಅಂತಲೇ ಅರ್ಥ, ಆಮೇಲೆ ಎಷ್ಟು ಮಸೆದರೂ ಬೇಗ ಮೊಂಡಾಗುತ್ತದೆ.

ಇನ್ನು ಬಳಕೆ. ಹಗ್ಗ ಕೊಯ್ಯಲು, ತರಕಾರಿಗೆ, ಟೆಂಟಿನ ಗೂಟ ಚೂಪು ಮಾಡಲು, ಒಣ ಕಡ್ಡಿಯನ್ನು ಸುರುಳಿ ಸುರುಳಿಯಾಗಿ ಹೆರೆದು ಒಲೆ ಹೊತ್ತಿಸಲು ಇದು ಬಹಳ ಚೆನ್ನ. ಮಳೆಗಾಲದಲ್ಲಿ ಸೌದೆಯ ಹೊರಮೈ ಒದ್ದೆಯಾಗಿದ್ದರೂ ಒಳಗಿನ ತಿರುಳು ಒಣಗಿಯೇ ಇರುತ್ತದೆ. ಆ ತಿರುಳಿಗಾಗಿ ಚಾಕುವಿನ ಬೆನ್ನಿಗೆ ಕೊರಡಿನಲ್ಲಿ ಬಡಿದು ಸೌದೆ ಸೀಳುವುದುಂಟು. ಗಂಟಿಲ್ಲದ, ನೇರ ಎಳೆಯ, ಎರಡು ಬೆರಳು ದಪ್ಪದ ಕಡ್ಡಿಗೆ ಪರವಾಗಿಲ್ಲ. ಅದಕ್ಕಿಂತ ದಪ್ಪದ್ದಕ್ಕೆ ಮಚ್ಚು ಇದೆಯಲ್ವಾ? ಇಂಥ ಚಾಕುವಿನ ಉಕ್ಕು ಎಷ್ಟೋ ಸಲ ಹಿಡಿಯ ಕೊನೆಯವರೆಗೂ ಹೋಗಿರುವುದಿಲ್ಲ. ಡಬ್ಬಿ ಮುಚ್ಚಳ ಮೀಟಲು, ನೆಲ ಅಗೆಯಲು ಹೋದರೆ ಮೊನೆ ಮುರಿಯುತ್ತದೆ.

ಕೂತು ಹೆರೆಯುವಾಗ ತೊಡೆಗಳ ನಡುವೆ ಕೆಲಸ ಮಾಡಬೇಡಿ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಇದೆ, ಅಲ್ಲಿ ಗಾಯವಾದರೆ ಕಾಡಿನಿಂದ ಆಸ್ಪತ್ರೆಗೆ ತಲುಪುವಷ್ಟು ಹೊತ್ತು ಇರುವುದಿಲ್ಲ. ಮೊಣಕೈಗಳನ್ನು ಮಂಡಿಯ ಮೇಲೆ ಊರಿ, ಚಾಕು ಮಂಡಿಯಿಂದ ಆಚೆಗೇ ಇರುವ ಹಾಗೆ ಕೂರಿ.

ಹಾಗಾದರೆ ಸ್ಟೇನ್‌ಲೆಸ್ ಯಾರಿಗೆ? ಕರಾವಳಿಯಲ್ಲಿ ಇರುವವರಿಗೆ, ದೋಣಿ, ಮೀನು ಅಂತ ಓಡಾಡುವವರಿಗೆ, ಬಂದ ಕೂಡಲೇ ಬ್ಯಾಗು ಮೂಲೆಗೆ ಎಸೆದು ಮಲಗುವವರಿಗೆ ಅದೇ ಸರಿ. ಹರಿತದಲ್ಲಿ ದೊಡ್ಡ ಕೊರತೆ ಏನೂ ಆಗುವುದಿಲ್ಲ. ನಿಮ್ಮ ಕೈಯಲ್ಲಿ ಈಗಾಗಲೇ ಕಾರ್ಬನ್ ಇದೆ, ಒರೆಸಿಡುವ ಅಭ್ಯಾಸ ಮಾಡಿಕೊಂಡರೆ ಇನ್ನೊಂದಕ್ಕೆ ದುಡ್ಡು ಹಾಕಬೇಕಿಲ್ಲ.

ಒಂದು ಮಾತು, ಹೊರಡುವ ಮುಂಚೆ ನೋಡಿಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗುವಂತಿಲ್ಲ. ನಿಮ್ಮ ಚಾರಣದ ದಾರಿ ಅಭಯಾರಣ್ಯ ಹಾಯ್ದು ಹೋದರೆ ಚಾಕುವಿನ ವಿಷಯ ಅರಣ್ಯ ಇಲಾಖೆಯ ಗೇಟಿನಲ್ಲಿ ಮೊದಲೇ ಕೇಳಿ, ಬೇಡ ಅಂದರೆ ಗಾಡಿಯಲ್ಲೇ ಬಿಟ್ಟು ಹೋಗಿ. ಕಾಡಿನಲ್ಲಿ ಬೆಂಕಿ ಹಾಕುವುದೂ ಅಷ್ಟೇ, ಮಾಡಬೇಡಿ. ಒಲೆ ಹೊತ್ತಿಸುವುದೆಲ್ಲ ತೋಟದಲ್ಲಿ, ಹೋಂಸ್ಟೇ ಅಂಗಳದಲ್ಲಿ ಇರಲಿ. ವಿಮಾನದಲ್ಲಿ ಹೋಗುವುದಾದರೆ ಚಾಕು ಕೈಚೀಲದಲ್ಲಿ ಬೇಡ, ಚೆಕ್ ಇನ್ ಮಾಡುವ ಬ್ಯಾಗಿನಲ್ಲಿ, ಒರೆಯೊಳಗೆ ಹಾಕಿ ಬಟ್ಟೆ ಸುತ್ತಿ ಇಡಿ.