ಫೈಲ್‌ಗಳೆಲ್ಲ ಬಂದರೂ ಹೊಸ ಡಿಸ್ಕ್ ಯಾಕೆ ಬೂಟ್ ಆಗುವುದಿಲ್ಲ?

ವಿಂಡೋಸ್, ಲಿನಕ್ಸ್ ಎರಡೂ ಇರುವ ಹಾರ್ಡ್ ಡಿಸ್ಕನ್ನು ಹೊಸ ಎಸ್‌ಎಸ್‌ಡಿಗೆ ಕ್ಲೋನ್ (ಯಥಾವತ್ತು ನಕಲು) ಮಾಡುವಾಗ ಫೈಲ್ ಕಳೆದುಹೋಗುವುದು ಅಪರೂಪ. ಎಲ್ಲ ಬಂದಿರುತ್ತದೆ, ಬೂಟ್ ಮಾತ್ರ ಆಗುವುದಿಲ್ಲ. ಈ ಓಎಸ್‌ಗಳು ತಮ್ಮ ಜಾಗವನ್ನು ಪತ್ತೆಹಚ್ಚುವುದು ಗುರುತಿನ ಸಂಖ್ಯೆಗಳ ಮೂಲಕ. ಡಿಸ್ಕಿನ ಯಾವ ಪಾರ್ಟಿಷನ್ (ವಿಭಾಗ) ಎಲ್ಲಿ ಜೋಡಿಸಬೇಕೆಂದು ಹೇಳುವ ಲಿನಕ್ಸ್‌ನ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಫೈಲ್‌ಸಿಸ್ಟಮ್‌ನ ಯುಯುಐಡಿ ಎಂಬ ಗುರುತಿನ ಸಂಖ್ಯೆ ಇರುತ್ತದೆ. ವಿಂಡೋಸ್‌ನ ಬಿಸಿಡಿ ಎಂಬ ಬೂಟ್ ದಾಖಲೆಯಲ್ಲಿ ಡಿಸ್ಕ್ ಮತ್ತು ಪಾರ್ಟಿಷನ್‌ನ ಗುರುತು, ಮದರ್‌ಬೋರ್ಡಿನ ಯುಇಎಫ್‌ಐ (ಬೂಟ್ ಶುರುಮಾಡುವ ತಂತ್ರಾಂಶ) ಮೆಮೊರಿಯಲ್ಲಿ ಬೂಟ್ ಫೈಲ್‌ಗಳಿರುವ ಇಎಫ್‌ಐ ಪಾರ್ಟಿಷನ್‌ನ ಜಿಯುಐಡಿ ಎಂಬ ಗುರುತು ಇರುತ್ತದೆ. ಇವುಗಳಲ್ಲಿ ಒಂದು ಬದಲಾದರೂ ಬೂಟ್ ಅಲ್ಲಿಗೇ ನಿಲ್ಲಬಹುದು.

ಹಾಗಾಗಿ ಪಾರ್ಟಿಷನ್‌ಗಳನ್ನು ಬಿಡಿಬಿಡಿಯಾಗಿ ಕಾಪಿ ಮಾಡಬೇಡಿ, ಇಡೀ ಡಿಸ್ಕನ್ನೇ ಕ್ಲೋನ್ ಮಾಡಿ. ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಪದ್ಧತಿಯ ಡಿಸ್ಕಾದರೆ ಇದು ಇನ್ನೂ ಮುಖ್ಯ. ಅದರ ಮೊದಲ ಸೆಕ್ಟರ್ (ಡಿಸ್ಕಿನ ಅತಿ ಚಿಕ್ಕ ತುಣುಕು) ಇರುವುದೇ 512 ಬೈಟ್. ಅದರಲ್ಲಿ 64 ಬೈಟ್ ಪಾರ್ಟಿಷನ್ ಟೇಬಲ್‌ಗೆ, ಕೊನೆಯ 2 ಬೈಟ್ ಸಹಿಗೆ ಹೋದರೆ ಉಳಿಯುವುದು 446. ವಿಂಡೋಸ್ ಹುಡುಕುವ ಡಿಸ್ಕ್ ಸಿಗ್ನೇಚರ್ ಎಂಬ ಗುರುತು ಕೂಡ ಆ 446ರೊಳಗೇ ಇದೆ. ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್‌ಗೆ ಇಷ್ಟು ಜಾಗ ಎಲ್ಲಿ ಸಾಕು? ಅದರ ಮುಂದಿನ ಭಾಗ ಮೊದಲ ಪಾರ್ಟಿಷನ್‌ಗಿಂತ ಮುಂಚಿನ ಖಾಲಿ ಸೆಕ್ಟರ್‌ಗಳಲ್ಲಿ ಕೂತಿರುತ್ತದೆ. ಅದು ಯಾವ ಪಾರ್ಟಿಷನ್‌ಗೂ ಸೇರಿಲ್ಲ, ಆದ್ದರಿಂದ ಬಿಡಿ ಕಾಪಿಯಲ್ಲಿ ಬರುವುದೂ ಇಲ್ಲ.

ಕ್ಲೋನ್‌ಗೆ ಮುನ್ನ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ಕರ್ನಲ್‌ನ (ಓಎಸ್‌ನ ತಿರುಳು) ಸ್ಥಿತಿ ಡಿಸ್ಕಿನಲ್ಲಿ ಹಾಗೇ ಉಳಿದು, ವಿಂಡೋಸ್‌ನ ಫೈಲ್‌ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ಪೂರ್ತಿ ಮುಚ್ಚಿರುವುದಿಲ್ಲ. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಹಳೆಯ ಡಿಸ್ಕಿನ ಸ್ಮಾರ್ಟ್ ಎಂಬ ಆರೋಗ್ಯ ವರದಿಯನ್ನೂ ನೋಡಿ. 197 ಎಂಬ ಸಂಖ್ಯೆಯ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಲೆಕ್ಕ, ಸೊನ್ನೆಗಿಂತ ಹೆಚ್ಚಿದ್ದರೆ ಸಾಮಾನ್ಯ ಕ್ಲೋನ್ ಮಧ್ಯದಲ್ಲೇ ನಿಂತುಬಿಡಬಹುದು. ಆಗ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಬೇಕು. ಅದು ಚೆನ್ನಾಗಿರುವ ಭಾಗಗಳನ್ನೆಲ್ಲ ಮೊದಲು ಕಾಪಿ ಮಾಡಿ, ಕೆಟ್ಟವನ್ನು ಮ್ಯಾಪ್ ಫೈಲಿನಲ್ಲಿ ಗುರುತಿಟ್ಟು ಆಮೇಲೆ ಮತ್ತೆ ಪ್ರಯತ್ನಿಸುತ್ತದೆ.

ಲೈವ್ ಯುಎಸ್‌ಬಿಯಿಂದ (ತನ್ನದೇ ಓಎಸ್ ಇರುವ ಪೆನ್‌ಡ್ರೈವ್) ಬೂಟ್ ಮಾಡಿ ಕ್ಲೋನ್ ಮಾಡಿ, ಎರಡು ಓಎಸ್‌ಗಳೂ ನಿಂತಿರಬೇಕು. ಯಾವುದು ಹಳೆಯದು, ಯಾವುದು ಹೊಸದು ಎಂಬುದನ್ನು ಗಾತ್ರ, ಮಾಡೆಲ್, ಸೀರಿಯಲ್ ನಂಬರ್ ಮೂರನ್ನೂ ನೋಡಿಯೇ ನಿರ್ಧರಿಸಿ. ಡಿಸ್ಕನ್ನು ಕಾಪಿ ಮಾಡುವ ಲಿನಕ್ಸ್‌ನ ಡಿಡಿ ಕಮಾಂಡ್ ಏನನ್ನೂ ಕೇಳುವುದಿಲ್ಲ; ಎರಡನ್ನೂ ಅದಲುಬದಲು ಬರೆದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 500 ಜಿಬಿಗೆ ಸುಮಾರು 83 ನಿಮಿಷ ಬೇಕು. ಕ್ಲೋನ್‌ಜಿಲ್ಲಾ ಎಂಬ ಕ್ಲೋನ್ ಪ್ರೋಗ್ರಾಂ ತನಗೆ ಗೊತ್ತಿರುವ ಫೈಲ್‌ಸಿಸ್ಟಮ್‌ಗಳಲ್ಲಿ ಬಳಕೆಯಾದ ಬ್ಲಾಕ್‌ಗಳನ್ನಷ್ಟೇ ಕಾಪಿ ಮಾಡುವುದರಿಂದ ಬೇಗ ಮುಗಿಸುತ್ತದೆ. ಗಾತ್ರದಲ್ಲಿ ಒಂದು ಎಚ್ಚರ ಬೇಕು: ಎರಡರ ಮೇಲೂ 500 ಜಿಬಿ ಎಂದಿದ್ದರೂ ಸೆಕ್ಟರ್ ಲೆಕ್ಕ ಬೇರೆ ಇರಬಹುದು. ಹೊಸದರಲ್ಲಿ ಕೆಲವೇ ಸೆಕ್ಟರ್ ಕಡಿಮೆ ಬಿದ್ದರೂ ಕೊನೆಯ ಪಾರ್ಟಿಷನ್ ತುಂಡಾಗುತ್ತದೆ. ಮೊದಲೇ ಅದನ್ನು ಕುಗ್ಗಿಸಿ.

ಹೊಸ ಪಾರ್ಟಿಷನ್ ಪದ್ಧತಿಯಾದ ಜಿಪಿಟಿ ಡಿಸ್ಕಿನಲ್ಲಿ ಪಾರ್ಟಿಷನ್ ಟೇಬಲ್‌ನ ಬ್ಯಾಕಪ್ ಡಿಸ್ಕಿನ ಕಟ್ಟಕೊನೆಯಲ್ಲಿರಬೇಕು. ದೊಡ್ಡ ಡಿಸ್ಕಿಗೆ ಡಿಡಿ ಮಾಡಿದಾಗ ಅದು ಹಳೆಯ ಡಿಸ್ಕ್ ಮುಗಿಯುತ್ತಿದ್ದ ಜಾಗದಲ್ಲೇ ನಿಂತಿರುತ್ತದೆ. ಪಾರ್ಟಿಷನ್ ತಿದ್ದುವ ಪ್ರೋಗ್ರಾಂ ಆದ ಜಿಪಾರ್ಟೆಡ್ ಇದನ್ನು ಕಂಡು ಸರಿಪಡಿಸಲೇ ಎಂದು ಕೇಳುತ್ತದೆ, ಒಪ್ಪಿಕೊಳ್ಳಿ. ಹೆಚ್ಚುವರಿ ಜಾಗ ಲಿನಕ್ಸ್ ಪಾರ್ಟಿಷನ್‌ನ ಪಕ್ಕದಲ್ಲೇ ಇದ್ದರೆ ಅದಕ್ಕೇ ಕೊಟ್ಟುಬಿಡುವುದು ಒಳ್ಳೆಯದು. ಸಿ ಡ್ರೈವ್‌ಗೇ ಬೇಕೆಂದರೆ ನಡುವಿನ ರಿಕವರಿ ಮತ್ತು ಲಿನಕ್ಸ್ ಪಾರ್ಟಿಷನ್‌ಗಳನ್ನು ಸರಿಸಬೇಕು. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಸರಿಯುತ್ತಿದ್ದ ಪಾರ್ಟಿಷನ್ ಹಾಳಾದೀತು.

ಮೊದಲ ಬೂಟ್‌ಗೆ ಮುನ್ನ ಹಳೆಯ ಡಿಸ್ಕನ್ನು ಕಡ್ಡಾಯವಾಗಿ ಬಿಚ್ಚಿಡಿ. ಎರಡರಲ್ಲೂ ಈಗ ಒಂದೇ ಯುಯುಐಡಿ. ಜೊತೆಗಿದ್ದರೆ ಲಿನಕ್ಸ್ ಯಾವುದನ್ನು ಮೌಂಟ್ ಮಾಡಿ ಬಳಸುತ್ತದೆಂದು ಹೇಳಲಾಗದು. ಫೈಲ್‌ಸಿಸ್ಟಮ್ ಬಿಟಿಆರ್‌ಎಫ್‌ಎಸ್ ಆದರೆ ಡೇಟಾವೇ ಕೆಡಬಹುದು. ವಿಂಡೋಸ್ ಎರಡರಲ್ಲೊಂದನ್ನು ಆಫ್‌ಲೈನ್ ಮಾಡುತ್ತದೆ. ಅದನ್ನು ನಾವು ಆನ್‌ಲೈನ್‌ಗೆ ತಂದರೆ ಅದರ ಸಿಗ್ನೇಚರ್ ಬದಲಾಗಿ, ಮುಂದೆ ಅದರಿಂದ ವಿಂಡೋಸ್ ಬೂಟ್ ಆಗದೆ ಹೋಗಬಹುದು.

ಸಾಟಾ ಡಿಸ್ಕಿನಿಂದ ಎನ್‌ವಿಎಂಇ ಎಂಬ ಬೇರೆ ಬಗೆಯ ಸಂಪರ್ಕದ ಡಿಸ್ಕಿಗೆ ಬಂದಿದ್ದರೆ ವಿಂಡೋಸ್ ನೀಲಿ ಪರದೆ ತೋರಿಸಬಹುದು. ಬೂಟ್ ಹೊತ್ತಿಗೆ ಬೇಕಾದ ಡ್ರೈವರ್ ಲೋಡ್ ಆಗದಿರುವುದೇ ಕಾರಣ. ಒಮ್ಮೆ ಸೇಫ್ ಮೋಡ್‌ನಲ್ಲಿ ಬೂಟ್ ಮಾಡಿದರೆ ಹಲವು ಸಲ ಸರಿಹೋಗುತ್ತದೆ. ಬೂಟ್ ಮೆನುವಿನಲ್ಲಿ ಲಿನಕ್ಸ್ ಹೆಸರೇ ಇಲ್ಲದಿದ್ದರೆ ಲೈವ್ ಯುಎಸ್‌ಬಿಯಿಂದ ಇಎಫ್‌ಐಬೂಟ್‌ಎಂಜಿಆರ್ ಕಮಾಂಡ್ ಬಳಸಿ ಸೇರಿಸಿ. ಎರಡೂ ಓಎಸ್‌ಗಳು ಬೂಟ್ ಆಗಿ, ಒಂದೊಂದು ಅಪ್‌ಡೇಟ್ ಮುಗಿಸುವವರೆಗೆ ಹಳೆಯ ಡಿಸ್ಕನ್ನು ಅಳಿಸಬೇಡಿ.