ತೊಗರಿ ಬೇರಿನ ಗಂಟು ಒಳಗೆ ಯಾಕೆ ಕೆಂಪು? ಆಮ್ಲಜನಕದ ತೊಡಕು ಬಿಡಿಸಿಕೊಂಡ ಟಿಪ್ಪಣಿ

ಎಲ್ಲರಿಗೂ ಗೊತ್ತಿರುವುದನ್ನು ಮೊದಲು ಮುಗಿಸಿಬಿಡುತ್ತೇನೆ. ದ್ವಿದಳ ಬೆಳೆಯ ಬೇರುಗಂಟಿನಲ್ಲಿ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ಇರುತ್ತವೆ. ತೊಗರಿ, ಅಲಸಂದಿಗೆ ಹೆಚ್ಚಾಗಿ ಬ್ರಾಡಿರೈಜೋಬಿಯಂ. ಅವು ಗಾಳಿಯ ಸಾರಜನಕವನ್ನು ಅಮೋನಿಯ ಮಾಡಿ ಗಿಡಕ್ಕೆ ಕೊಡುತ್ತವೆ (ಇದೇ ಸಾರಜನಕ ಸ್ಥಿರೀಕರಣ), ಗಿಡ ಅವಕ್ಕೆ ಎಲೆಯಲ್ಲಿ ತಯಾರಾದ ಆಹಾರ ಕೊಡುತ್ತದೆ. ಕೆಲಸ ಮಾಡುವ ಕಿಣ್ವ ನೈಟ್ರೋಜಿನೇಸ್. 1888ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಈ ಬ್ಯಾಕ್ಟೀರಿಯಾವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು. ಇಷ್ಟು ಸಾಕು.

ನಾನು ಸಿಕ್ಕಿಹಾಕಿಕೊಂಡದ್ದು ಒಂದೇ ಪುಟದಲ್ಲಿದ್ದ ಎರಡು ವಾಕ್ಯಗಳಲ್ಲಿ. ಒಂದು, ಆಮ್ಲಜನಕ ತಾಗಿದರೆ ನೈಟ್ರೋಜಿನೇಸ್ ಕೆಟ್ಟುಹೋಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಎರಡು, ಸಾರಜನಕದ ಒಂದು ಅಣುವನ್ನು ಒಡೆಯಲು ಕಡಿಮೆಯೆಂದರೂ 16 ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಬೇಕು. ಅಷ್ಟು ಎಟಿಪಿ ಹುಟ್ಟಬೇಕಾದರೆ ಬ್ಯಾಕ್ಟೀರಿಯಾ ಜೋರಾಗಿ ಉಸಿರಾಡಬೇಕು, ಅದಕ್ಕೆ ಆಮ್ಲಜನಕ ಬೇಕೇ ಬೇಕು. ಬೇಕು ಅನ್ನುವುದೂ ಅದೇ, ಬೇಡ ಅನ್ನುವುದೂ ಅದೇ! ಗಂಟಿನ ಒಳಗಿನ ಕೆಂಪು ಬಣ್ಣ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನದು. "ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೀರಿಕೊಂಡು ಕಿಣ್ವವನ್ನು ಕಾಪಾಡುತ್ತದೆ" ಎಂದು ಬರೆದುಕೊಂಡು ಮುಂದೆ ಹೋಗಿದ್ದೆ. ಆ ವಾಕ್ಯವೇ ನನ್ನ ದಾರಿ ತಪ್ಪಿಸಿದ್ದು. ಬರೀ ಹೀರಿಕೊಂಡು ಇಟ್ಟುಕೊಳ್ಳುವುದಾದರೆ ಅದು ಒಂದೆರಡು ಕ್ಷಣದಲ್ಲಿ ತುಂಬಿಹೋಗುತ್ತದೆ, ಆಮೇಲೇನು?

ಬಿಡಿಸಿಕೊಂಡದ್ದು ಹೀಗೆ. ಎರಡು ಅಳತೆಗಳನ್ನು ಬೇರೆ ಮಾಡಿಕೊಳ್ಳಿ. ಒಂದು ಗಳಿಗೆಯಲ್ಲಿ ಎಷ್ಟು ಆಮ್ಲಜನಕ ಬಿಡಿಯಾಗಿ ಬಿದ್ದಿದೆ ಅನ್ನುವುದು ಒಂದು. ನಿಮಿಷಕ್ಕೆ ಎಷ್ಟು ಆಮ್ಲಜನಕ ಹಾದುಹೋಗುತ್ತಿದೆ ಅನ್ನುವುದು ಇನ್ನೊಂದು. ಊರಲ್ಲಿ ಸ್ಲ್ಯಾಬ್ ಹಾಕುವ ದಿನ ನೆನಪಿಸಿಕೊಳ್ಳಿ. ಕೆಳಗಿನಿಂದ ಮೇಲಿನವರೆಗೆ ಜನ ಸಾಲಾಗಿ ನಿಂತು ಕಾಂಕ್ರೀಟಿನ ಪುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ದಿನಕ್ಕೆ ಎಷ್ಟೋ ಟನ್ ಮಾಲು ಮೇಲೆ ಹೋಗುತ್ತದೆ, ಆದರೆ ಯಾವ ಗಳಿಗೆಯಲ್ಲಿ ನೋಡಿದರೂ ದಾರಿಯಲ್ಲಿ ನೆಲದ ಮೇಲೆ ಒಂದು ಹಿಡಿಯೂ ಬಿದ್ದಿರುವುದಿಲ್ಲ. ಲೆಗ್‌ಹಿಮೋಗ್ಲೋಬಿನ್ ಆ ಕೈಗಳ ಸಾಲು. ಗಂಟಿನ ಜೀವಕೋಶದಲ್ಲಿ ಅದು ತುಂಬಿಕೊಂಡಿರುತ್ತದೆ. ಆಮ್ಲಜನಕವನ್ನು ಹಿಡಿಯುತ್ತದೆ, ಬ್ಯಾಕ್ಟೀರಿಯಾದ ಬಳಿ ಬಿಡುತ್ತದೆ. ತೆಗೆದುಕೊಳ್ಳುವ ತುದಿಯಲ್ಲೂ ತಕ್ಕ ಏರ್ಪಾಡಿದೆ: ಬ್ಯಾಕ್ಟೀರಿಯಾದ ಉಸಿರಾಟದ ಕೊನೆಯ ಕಿಣ್ವ ತೀರಾ ಕಡಿಮೆ ಆಮ್ಲಜನಕದಲ್ಲೂ ಕೆಲಸ ಮಾಡುವಂಥದ್ದು.

ಲೆಕ್ಕ ಹಾಕಿದ ಮೇಲೆ ನನಗೆ ಪೂರ್ತಿ ನಂಬಿಕೆ ಬಂತು. ಗಾಳಿ ಬೆರೆತ ನೀರಿನಲ್ಲಿ ಆಮ್ಲಜನಕ ಲೀಟರಿಗೆ ಸುಮಾರು 250 ಮೈಕ್ರೋಮೋಲ್. ಗಂಟಿನ ಒಳಗೆ ಬಿಡಿಯಾಗಿರುವುದು ಹತ್ತಾರು ನ್ಯಾನೋಮೋಲ್ ಮಾತ್ರ. 25 ಎಂದು ಹಿಡಿಯಿರಿ. 250 ಮೈಕ್ರೋ ಅಂದರೆ 2,50,000 ನ್ಯಾನೋ. 25ರಿಂದ ಭಾಗಿಸಿದರೆ 10,000. ಹೊರಗಿಗಿಂತ ಒಳಗೆ ಹತ್ತು ಸಾವಿರ ಪಟ್ಟು ಕಡಿಮೆ, ಆದರೂ ಉಸಿರಾಟ ನಿಂತಿಲ್ಲ. 2005ರಲ್ಲಿ ಲೋಟಸ್ ಜಪೋನಿಕಸ್ ಎಂಬ ಪುಟ್ಟ ದ್ವಿದಳ ಸಸ್ಯದ ಗಂಟಿನಲ್ಲಿ ಲೆಗ್‌ಹಿಮೋಗ್ಲೋಬಿನ್ ತಯಾರಾಗದಂತೆ ಮಾಡಿ ನೋಡಿದರು. ಒಳಗೆ ಬಿಡಿ ಆಮ್ಲಜನಕ ಏರಿತು, ಎಟಿಪಿ ಇಳಿಯಿತು, ಸಾರಜನಕ ಸ್ಥಿರೀಕರಣ ನಿಂತೇಹೋಯಿತು. ಎರಡೂ ಅಳತೆ ಒಟ್ಟಿಗೆ ಕೆಟ್ಟದ್ದನ್ನು ಗಮನಿಸಿ.

ಹೊಲದಲ್ಲಿ ನೋಡಬೇಕೆಂದು ಕಾಕಾನ ತೊಗರಿಗೆ ಹೋದೆ, ಬಿತ್ತಿ ನಲವತ್ತು ದಿನ ದಾಟಿತ್ತು. ಗಿಡಕ್ಕೆ ಕೈ ಹಾಕಿದ ಕೂಡಲೇ ಕಾಕಾ, "ಜಗ್ಗಬ್ಯಾಡ, ಗಂಟು ಮಣ್ಣಾಗ ಉಳೀತಾವ. ಸಲಿಕೀಲೆ ಎತ್ತು" ಅಂದರು. ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಯಿಟ್ಟು, ನಿಧಾನವಾಗಿ ತೊಳೆದೆವು. ಬ್ಲೇಡಿನಿಂದ ಕೊಯ್ದರೆ ಒಳಗೆ ಕೆಂಪು ಪೇರಲ ಹಣ್ಣಿನ ತಿರುಳಿನ ಬಣ್ಣ. ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿಗೆ ಕಂದು ತಿರುಗಿತು. ಇನ್ನೊಂದು ಗಿಡದಲ್ಲಿ ಗಂಟುಗಳೇನೋ ಬಹಳ ಇದ್ದವು, ಆದರೆ ಸಣ್ಣವು, ಒಳಗೆ ಬಿಳಿ. ಹೀಗಾಗಿ ಪ್ರಾಯೋಗಿಕದಲ್ಲಿ ಗಂಟು ಎಣಿಸಿ ನಿಲ್ಲಿಸಬೇಡಿ, ಕೊಯ್ದು ನೋಡಿ. ಕೆಂಪು ಅಂದರೆ ದುಡಿಯುತ್ತಿದೆ. ಬಿಳಿ ಅಂದರೆ ಇನ್ನೂ ಎಳೆಯದು ಅಥವಾ ಕೆಲಸಕ್ಕೆ ಬಾರದ ತಳಿಯ ಬ್ಯಾಕ್ಟೀರಿಯಾ. ಹಸಿರು ಅಂದರೆ ಮುದಿಯಾಗಿದೆ.

ಇಷ್ಟು ಹಿಡಿದುಕೊಂಡರೆ ಒತ್ತಡದ ಪಾಠ (ನೀರು ನಿಲ್ಲುವುದು, ಬರ ಇಂಥವು ಬೆಳೆಗೆ ಕೊಡುವ ತೊಂದರೆ) ತಾನೇ ಬಿಚ್ಚಿಕೊಳ್ಳುತ್ತದೆ. ಎರೆ ಹೊಲದಲ್ಲಿ ನೀರು ನಿಂತರೆ ತೊಗರಿ ಹಳದಿಯಾಗುವುದೇಕೆ? ನೀರಿನಲ್ಲಿ ಆಮ್ಲಜನಕ ಚಲಿಸುವುದು ಗಾಳಿಯಲ್ಲಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. (ಮೇಲಿನ ಹತ್ತು ಸಾವಿರವೇ ಬೇರೆ, ಇದೇ ಬೇರೆ, ನಾನು ಒಮ್ಮೆ ಬೆರೆಸಿಬಿಟ್ಟಿದ್ದೆ.) ಸಾಲಿನಲ್ಲಿ ಕೈಗಳಿವೆ, ಪುಟ್ಟಿಯೇ ಬರುತ್ತಿಲ್ಲ.

ಬರಕ್ಕೆ ನನ್ನ ಅಚ್ಚುಮೆಚ್ಚಿನ ಸೂತ್ರ: ಮುಂಗಾರಿ ಕಾಳು ಯುರಿಯೈಡ್, ಹಿಂಗಾರಿ ಕಾಳು ಅಮೈಡ್, ಶೇಂಗಾ ಹೊರತು. ಯುರಿಯೈಡ್, ಅಮೈಡ್ ಅಂದರೆ ಗಂಟಿನಿಂದ ಸಾರಜನಕ ಮೇಲೆ ಹೋಗುವ ಎರಡು ರೂಪ. ತೊಗರಿ, ಹೆಸರು, ಅಲಸಂದಿ, ಸೋಯಾ ಅಲಾಂಟಾಯಿನ್‌ನಂಥ ಯುರಿಯೈಡ್ ಕಳಿಸುತ್ತವೆ. ಕಡಲೆ, ಬಟಾಣಿ, ಚನ್ನಂಗಿ ಅಸ್ಪರಾಜಿನ್‌ನಂಥ ಅಮೈಡ್. ಶೇಂಗಾ ಮುಂಗಾರಿಯಾದರೂ ಅಮೈಡ್ ಕಡೆಯದು. ಅಲಾಂಟಾಯಿನ್‌ನಲ್ಲಿ 4 ಇಂಗಾಲಕ್ಕೆ 4 ಸಾರಜನಕ, ಅಸ್ಪರಾಜಿನ್‌ನಲ್ಲಿ 4ಕ್ಕೆ 2. ಯುರಿಯೈಡ್‌ನಲ್ಲಿ ಇಂಗಾಲ ಉಳಿತಾಯ, ಆದರೆ ಅದು ನೀರಿನಲ್ಲಿ ಸುಲಭವಾಗಿ ಕರಗದು. ನೀರು ಕಡಿಮೆಯಾದಾಗ ಎಲೆಯಲ್ಲಿ ಯುರಿಯೈಡ್ ಕೂಡಿಕೊಳ್ಳುತ್ತದೆ, ಗಂಟಿನ ಕೆಲಸ ಕುಗ್ಗುತ್ತದೆ. ಸೋಯಾದಲ್ಲಿ ಎಲೆ ಬಾಡುವ ಮೊದಲೇ ಸ್ಥಿರೀಕರಣ ಇಳಿದಿರುತ್ತದೆ.

ರಂಜಕ ಚಿಕ್ಕದಾಗಿ: ಎಟಿಪಿಯಲ್ಲೇ ರಂಜಕ ಇದೆ, ಹೀಗಾಗಿ 16 ಎಟಿಪಿಯ ಲೆಕ್ಕ ನೋಡಿದರೆ ಗಂಟಿಗೆ ಅದು ಯಾಕೆ ಬೇಕೆಂದು ತಿಳಿಯುತ್ತದೆ. ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ರಂಜಕ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ತೊಗರಿ ಬೇರು ಪಿಸಿಡಿಕ್ ಆಮ್ಲ ಸುರಿಸಿ ಕಬ್ಬಿಣವನ್ನು ಹಿಡಿದು ರಂಜಕವನ್ನು ಬಿಡಿಸಿಕೊಳ್ಳುತ್ತದೆ; ಹೈದರಾಬಾದ್ ಬಳಿಯ ಪಟಾಂಚೆರುವಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಈ ಕೆಲಸ 1990ರಲ್ಲಿ ಪ್ರಕಟವಾಯಿತು. ಕಡಲೆಯ ಬೇರಿನ ಆಮ್ಲಗಳು ಸುಣ್ಣದ ಎರೆಯಲ್ಲಿ ಉಪಯೋಗಕ್ಕೆ ಬರುತ್ತವೆ.

ಕೊನೆಗೆ, ಬಹಳ ಜನ ಕೇಳುವ ಪ್ರಶ್ನೆ: ತಾನೇ ಸಾರಜನಕ ಮಾಡಿಕೊಳ್ಳುವ ತೊಗರಿಗೆ ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ ಎಂಬ ಶಿಫಾರಸು ಏಕೆ? ಗಂಟು ಕಟ್ಟಿ ಕೆಂಪಾಗಲು ವಾರಗಳು ಬೇಕು. ಅಲ್ಲಿಯವರೆಗೆ ಸಸಿಗೆ ಬೇಕಾದದ್ದು ಆ 25. ಅದಕ್ಕಿಂತ ಹೆಚ್ಚು ಯೂರಿಯ ಸುರಿದರೆ ಮಣ್ಣಿನಲ್ಲಿ ನೈಟ್ರೇಟ್ ಏರುತ್ತದೆ, ಹೊಸ ಗಂಟು ಕಡಿಮೆಯಾಗುತ್ತವೆ, ಇದ್ದ ಗಂಟಿನ ಸಿಪ್ಪೆ ಆಮ್ಲಜನಕ ಒಳಬರುವ ದಾರಿಯನ್ನು ಇನ್ನಷ್ಟು ಬಿಗಿಮಾಡುತ್ತದೆ. ಅಲ್ಲೂ ನಿಲ್ಲುವುದು ಅದೇ ಪುಟ್ಟಿ.