ಸುಸ್ತೋ, ನಿತ್ರಾಣವೋ?

ವೈದ್ಯರ ಕೋಣೆಯಲ್ಲಿ ತುಂಬಾ ಜಾಸ್ತಿ ಕೇಳುವ ದೂರು 'ಡಾಕ್ಟ್ರೇ, ಸುಸ್ತು'. ನಿದ್ದೆ ಇಲ್ಲದವರು, ರಕ್ತ ಕಮ್ಮಿ ಇರುವವರು, ಮನಸ್ಸು ಕುಗ್ಗಿದವರು, ಎಲ್ಲರೂ ಇದೇ ಮಾತು ಹೇಳುತ್ತಾರೆ. ಆದರೆ ಕೆಲವರು 'ಸುಸ್ತಲ್ಲ, ನಿತ್ರಾಣ' ಅನ್ನುತ್ತಾರೆ. ಆಗ ನಾನು ಕೇಳುವ ಪ್ರಶ್ನೆಗಳೇ ಬದಲಾಗುತ್ತವೆ.

ಸುಸ್ತು ಪರ್ಷಿಯನ್ ಪದ. ಅಲ್ಲಿ 'ಸುಸ್ತ್' ಅಂದರೆ ಸಡಿಲ, ದುರ್ಬಲ, ನಿಧಾನ. ಹಿಂದಿಯಲ್ಲಿ ಅದಕ್ಕೆ ಸೋಮಾರಿ ಅನ್ನುವ ಅರ್ಥವೂ ಅಂಟಿಕೊಂಡಿದೆ. ಕನ್ನಡದಲ್ಲಿ ಆ ಬೈಗುಳ ಉಳಿದಿಲ್ಲ. ಸುಸ್ತಾದವರನ್ನು ನಾವು ಸೋಮಾರಿ ಅನ್ನುವುದಿಲ್ಲ, ಅಲ್ವಾ? ನನಗೆ ಇದು ತುಂಬಾ ಇಷ್ಟ.

ಆಯಾಸ ಸಂಸ್ಕೃತದ್ದು, ಅದರ ಮೊದಲ ಅರ್ಥವೇ ಪ್ರಯತ್ನ, ಶ್ರಮ. 'ಅನಾಯಾಸವಾಗಿ ಆಯಿತು' ಅನ್ನುವಾಗ ಆ ಹಳೆಯ ಅರ್ಥ ಇನ್ನೂ ಜೀವಂತ. ಶ್ರಮ ಮತ್ತು ವಿಶ್ರಾಂತಿ ಹುಟ್ಟಿದ್ದು ಒಂದೇ ಧಾತುವಿನಿಂದ. ದಣಿವು ನಮ್ಮದೇ ಪದ. ದಣಿಯುವುದಕ್ಕೆ ತೃಪ್ತಿಯಾಗುವುದು ಅನ್ನುವ ಅರ್ಥವೂ ಇದೆ, 'ಮನದಣಿಯೆ ಹಾಡಿದರು' ಅನ್ನುತ್ತೇವಲ್ಲ, ಹಾಗೆ. ಈ ಪದಗಳಲ್ಲೆಲ್ಲ ಏನೋ ಮಾಡಿದ ಸುಳಿವಿದೆ. ದುಡಿದಿದ್ದೇವೆ, ಕೂತರೆ ಸರಿಹೋಗುತ್ತದೆ ಅನ್ನುವ ನಂಬಿಕೆಯೂ ಇದೆ.

ನಿತ್ರಾಣದಲ್ಲಿ ಅದಿಲ್ಲ. ತ್ರಾಣಕ್ಕೆ ಸಂಸ್ಕೃತದಲ್ಲಿ ಕಾಪಾಡುವುದು, ರಕ್ಷಣೆ ಎಂಬ ಅರ್ಥ. ಕನ್ನಡದಲ್ಲಿ ಅದು ಮೈಯ ಶಕ್ತಿ, ಕಸುವು. ಅದಿಲ್ಲದ ಸ್ಥಿತಿಯೇ ನಿತ್ರಾಣ. ಶಕ್ತಿ ಹೋಗಿದೆ ಅಂತಷ್ಟೇ ಈ ಪದ ಹೇಳುತ್ತದೆ, ಯಾಕೆ ಹೋಯಿತು ಅಂತ ಹೇಳುವುದಿಲ್ಲ. ಆ 'ಯಾಕೆ' ಹುಡುಕುವುದು ವೈದ್ಯರ ಕೆಲಸ. ವೈದ್ಯಶಾಸ್ತ್ರದ 'ಅಸ್ತೇನಿಯಾ' ಕೂಡ ಹೀಗೇ ಕಟ್ಟಿದ ಪದ. ಗ್ರೀಕ್‌ನಲ್ಲಿ 'ಸ್ತೆನೋಸ್' ಅಂದರೆ ಬಲ, ಪದದ ಮೊದಲಿಗೆ ಬರುವ 'ಅ' ಅಂದರೆ ಇಲ್ಲ.

ನಿತ್ರಾಣ ಅಂದವರಿಗೆ ನಾನು ಮೊದಲು ಹೇಳುವುದು, ಕೈ ಊರದೆ ಕುರ್ಚಿಯಿಂದ ಏಳಿ ಅಂತ. ಆಗದಿದ್ದರೆ ತೊಂದರೆ ಸ್ನಾಯುವಿನಲ್ಲೋ ನರದಲ್ಲೋ ಇರಬಹುದು. ಮಯಸ್ತೇನಿಯಾ ಗ್ರೇವಿಸ್ ಅಂತ ಒಂದು ಕಾಯಿಲೆ ಇದೆ. ನರದಿಂದ ಸ್ನಾಯುವಿಗೆ ಸಂದೇಶ ದಾಟುವ ಜಾಗಕ್ಕೆ ಮೈಯ ರೋಗನಿರೋಧಕ ವ್ಯವಸ್ಥೆಯೇ ಅಡ್ಡಿ ಮಾಡುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರಿಗೆ ಸಂಜೆಯ ಹೊತ್ತಿಗೆ ರೆಪ್ಪೆ ಜೋತುಬೀಳುತ್ತದೆ, ಒಂದೇ ವಸ್ತು ಎರಡಾಗಿ ಕಾಣುತ್ತದೆ, ಅಗಿಯುತ್ತಾ ದವಡೆ ಸೋಲುತ್ತದೆ. ಸ್ವಲ್ಪ ವಿಶ್ರಾಂತಿ ಪಡೆದರೆ ಬಲ ಮರಳುತ್ತದೆ. ಇದಕ್ಕೆ ಒಳ್ಳೆಯ ಔಷಧಿಗಳಿವೆ. 'ವಯಸ್ಸಾಯ್ತು, ಹಾಗೇ' ಅಂತ ಸುಮ್ನೆ ಕೂರಬಾರದು.

ಸಲೀಸಾಗಿ ಎದ್ದು ನಿಂತರೂ ಮೈಯಲ್ಲಿ ಶಕ್ತಿಯೇ ಇಲ್ಲ ಅನ್ನಿಸಿದರೆ ಹುಡುಕಾಟ ಬೇರೆ ಕಡೆಗೆ. ಮೆಟ್ಟಿಲು ಹತ್ತಿದರೆ ಏದುಸಿರೇ? ಹಿಮೋಗ್ಲೋಬಿನ್ ನೋಡಬೇಕು. ಚಳಿ ತಡೆಯದೆ ಮೈ ಊದುತ್ತಿದ್ದರೆ ಥೈರಾಯ್ಡ್. ರಾತ್ರಿಯಿಡೀ ಮಲಗಿದರೂ ಹಗಲೆಲ್ಲ ತೂಕಡಿಸಿದರೆ, ಅದರಲ್ಲೂ ಗೊರಕೆ ಇದ್ದರೆ, ನಿದ್ದೆಯಲ್ಲಿ ಉಸಿರು ನಿಂತುನಿಂತು ಬರುತ್ತಿರಬಹುದು. ಇಷ್ಟದ ಕೆಲಸವೂ ಬೇಡವಾದರೆ ಖಿನ್ನತೆಯ ಬಗ್ಗೆ ಕೇಳುತ್ತೇನೆ.

ಇನ್ನೊಂದು ಗುಂಪಿನವರಿಗೆ ಮಲಗಿದರೂ ಸುಧಾರಿಸುವುದಿಲ್ಲ. ಸಣ್ಣ ಕೆಲಸ ಮಾಡಿದರೂ ಮಾರನೆಯ ದಿನ ಹಾಸಿಗೆ ಹಿಡಿಯುತ್ತಾರೆ. ಇದು 6 ತಿಂಗಳಿಗಿಂತ ಹೆಚ್ಚು ಕಾಡಿದರೆ, ಬೇರೆ ಕಾರಣ ಸಿಗದಿದ್ದರೆ, ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರಬಹುದು. ಇವರಿಗೆ 'ಎದ್ದು ಓಡಾಡು, ಸರಿಹೋಗುತ್ತೆ' ಅಂತ ಒತ್ತಾಯ ಮಾಡಿದರೆ ಕಾಯಿಲೆ ಹೆಚ್ಚುತ್ತದೆ. ಮನೆಯವರು ದಯವಿಟ್ಟು ಇದನ್ನು ನಂಬಬೇಕು.

ವೈದ್ಯರ ಹತ್ತಿರ ಹೋದಾಗ 'ಸುಸ್ತು' ಅಂತ ನಿಲ್ಲಿಸಬೇಡಿ. ಯಾವ ಹೊತ್ತಿನಲ್ಲಿ, ಏನು ಮಾಡಿದ ಮೇಲೆ, ಮಲಗಿದರೆ ಕಮ್ಮಿಯಾಗುತ್ತದಾ, ಇಷ್ಟನ್ನು ಹೇಳಿ. ಒಂದು ಕೈಯೋ ಕಾಲೋ ದಿಢೀರ್ ಅಂತ ಸೋತರೆ, ಬಾಯಿ ಓರೆಯಾದರೆ, ಮಾತು ತೊದಲಿದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ.